ಊರು ಹಾಡುವ ದಿನ ಶಾಲೆಗೆ ರಜೆ

ಸಂಪಾದಕರಿಗೆ,

ಮಾನ್ಯರೇ,

ಕೊಡಗು ಜಿಲ್ಲೆಯ ಶಾಲೆಗಳಿಗೆ ಪ್ರತಿ ವರ್ಷ ಕೈಲ್ ಮುಹೂರ್ತ, ತುಲಾ ಸಂಕ್ರಮಣ ಮತ್ತು ಭತ್ತದ ಕೊಯ್ಲಿನ ಹಬ್ಬವಾದ ಹುತ್ತರಿಗೆ ಸ್ಥಳೀಯ ರಜೆ ಸಿಗುತ್ತದೆ. ಈ ರಜೆ ಇರಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೂರು ದಶಕಗಳ ಕಾಲ ಈ ಜಿಲ್ಲೆಯ ಮಕ್ಕಳಿಗೆ ಸಂಗೀತ ಹೇಳಿಕೊಟ್ಟು ನಿವೃತ್ತಳಾದ ಮೇಲೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿದೆ. ದುಡಿ, ಕೊಂಬು, ಕೊಟ್ಟು, ವಾಲಗಗಳ ಸದ್ದು ಊರ ತುಂಬ ಕೇಳುವ ದಿನಗಳಲ್ಲೇ ಶಾಲೆಯ ಬಾಗಿಲು ಹಾಕಿರುತ್ತದೆ. ಬಾಗಿಲು ತೆರೆದ ದಿನ, ರಜೆಯಲ್ಲಿ ಏನು ಕೇಳಿದಿರಿ, ಯಾರ ಜೊತೆ ದನಿಗೂಡಿಸಿದಿರಿ ಎಂದು ಮಕ್ಕಳನ್ನು ವಿಚಾರಿಸುವ ಶಿಕ್ಷಕರು ಬಹಳ ಕಡಿಮೆ. ನಾನೂ ಎಷ್ಟೋ ವರ್ಷ ವಿಚಾರಿಸಲಿಲ್ಲ. ಹುತ್ತರಿ ಮುಗಿದ ಮರುದಿನ ಶ್ರುತಿಪೆಟ್ಟಿಗೆ ತೆರೆದು, ಹಿಂದಿನ ವಾರ ನಿಲ್ಲಿಸಿದ್ದ ಸರಳೆ ವರಸೆಯನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದೆ.

ಕಳೆದ ವರ್ಷ ನಮ್ಮ ಭಾಗದಲ್ಲಿ ನಡೆದ ಒಂದು ಪ್ರತಿಭಾ ಕಾರಂಜಿಗೆ ತೀರ್ಪುಗಾರಳಾಗಿ ಹೋಗಿದ್ದೆ. ಜನಪದ ನೃತ್ಯಕ್ಕೆ ಬಂದಿದ್ದ ಏಳು ತಂಡಗಳೂ ಪೆನ್‌ಡ್ರೈವ್‌ನಲ್ಲಿ ತಂದ ಹಾಡಿಗೇ ಕುಣಿದವು. ಅವುಗಳಲ್ಲಿ ಒಂದು ತಂಡದ ಹೆಣ್ಣುಮಕ್ಕಳು ಕೊಡವ ಹೆಂಗಸರ ನೃತ್ಯವಾದ ಉಮ್ಮತ್ತಾಟ್ ಆಡಿದರು. ಸೀರೆಯ ನೆರಿಗೆ ಹಿಂದಕ್ಕಿತ್ತು, ತಲೆಗೆ ವಸ್ತ್ರವಿತ್ತು, ಎರಡೂ ಕೈಗಳಲ್ಲಿ ಹಿತ್ತಾಳೆಯ ತಾಳಗಳಿದ್ದವು. ಆದರೆ ಆ ತಾಳಗಳು ಕೊನೆಯವರೆಗೂ ಒಂದಕ್ಕೊಂದು ತಾಗಲೇ ಇಲ್ಲ. ಸ್ಪೀಕರಿನಿಂದ ಬರುವ ತಾಳಕ್ಕೆ ಮಕ್ಕಳ ತಾಳ ಅಡ್ಡ ಬರಬಾರದು ಎಂಬ ಕಾರಣಕ್ಕೆ, ಒಂದು ಬೆರಳಿನಷ್ಟು ಅಂತರದಲ್ಲಿ ತಡೆದು ಹಿಡಿಯುವಂತೆ ಅವರಿಗೆ ಅಭ್ಯಾಸ ಮಾಡಿಸಿದ್ದರಂತೆ. ಉಮ್ಮತ್ತಾಟ್‌ನಲ್ಲಿ ಕುಣಿಯುವವರೇ ಲಯವನ್ನು ಕಟ್ಟಬೇಕು. ಬಗ್ಗಿ ಏಳುವಾಗ ಒಬ್ಬಳ ತಾಳ ಚೂರು ತಡವಾದರೂ ವೃತ್ತದಲ್ಲಿ ಪಕ್ಕದವಳ ಕಿವಿಗೆ ಅದು ತಿಳಿಯಬೇಕು, ಆಕೆ ಅದನ್ನು ಸರಿದೂಗಿಸಿಕೊಳ್ಳಬೇಕು. ಅದೇ ಆ ಆಟದ ಸಂಗೀತ ಪಾಠ. ಈ ಕಲೆಗಾಗಿ ಜೀವ ತೇಯ್ದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಗೆ ಜಿಲ್ಲೆಯೇ ಹೆಮ್ಮೆಪಟ್ಟಿತು. ಹಾಗಿರುವಾಗ ನಮ್ಮ ಶಾಲೆಯ ವೇದಿಕೆಯಲ್ಲಿ ತಾಳ ಮೂಕವಾಗಿದ್ದುದನ್ನು ಕಂಡು ನನಗೆ ಅಂಕ ಕೊಡುವ ಮನಸ್ಸೇ ಬರಲಿಲ್ಲ. ತಪ್ಪು ಆ ಮಕ್ಕಳದ್ದಲ್ಲ. ಚೊಕ್ಕವಾಗಿ ಕಂಡ ತಂಡಕ್ಕೆ ಬಹುಮಾನ ಸಿಗುತ್ತದೆ ಎಂಬುದನ್ನು ನಮ್ಮಂಥ ತೀರ್ಪುಗಾರರೇ ಅವರ ಶಿಕ್ಷಕರಿಗೆ ಕಲಿಸಿದ್ದೇವೆ.

ನಾನು ಹುಟ್ಟಿದ್ದು ಬಯಲುಸೀಮೆಯಲ್ಲಿ, ಕಲಿತದ್ದು ಕರ್ನಾಟಕ ಸಂಗೀತ. ಮದುವೆಯಾಗಿ ಕೊಡಗಿಗೆ ಬಂದ ಆರಂಭದಲ್ಲಿ ಇಲ್ಲಿನ ಪಾಟ್‌ಗಳು, ಅಂದರೆ ಜನಪದ ಹಾಡುಗಳು, ನನ್ನ ಕಿವಿಗೆ ಒಂದೇ ಬಗೆಯಾಗಿ ಕೇಳುತ್ತಿದ್ದವು. ನಾಲ್ಕೈದು ಸ್ವರಗಳ ಒಳಗೇ ಸುತ್ತುವ ಧಾಟಿ, ಬಿಡದೆ ಬಡಿಯುವ ದುಡಿ, ಗಂಟೆಗಟ್ಟಲೆ ಸಾಗುವ ಸಾಲುಗಳು. ಇದರಲ್ಲಿ ಕಲಿಸುವುದೇನಿದೆ ಎಂದುಕೊಂಡಿದ್ದೆ. ನಾಲ್ವರು ಹಾಡುವುದನ್ನು ಹತ್ತಿರ ಕುಳಿತು ಕೇಳಿದಾಗ ನನ್ನ ಅಭಿಪ್ರಾಯ ಬದಲಾಯಿತು. ಪಾಟ್ ಹಾಡಲು ನಿಲ್ಲುವವರು ಸಾಮಾನ್ಯವಾಗಿ ನಾಲ್ಕು ಜನ, ಪ್ರತಿಯೊಬ್ಬರ ಎಡಗೈಯಲ್ಲಿ ಒಂದು ದುಡಿ. ನಡು ಸಣ್ಣದಾಗಿ ಎರಡೂ ಮುಖ ಅಗಲವಾಗಿರುವ ಈ ಪುಟ್ಟ ವಾದ್ಯದ ಹಗ್ಗಗಳನ್ನು ಎಷ್ಟು ಬಿಗಿಯಾಗಿ ಅದುಮುತ್ತಾರೋ ಅಷ್ಟಕ್ಕೆ ತಕ್ಕಂತೆ ಅದರ ನಾದ ಏರಿಳಿಯುತ್ತದೆ. ಮೊದಲ ಜೋಡಿ ಒಂದು ಸಾಲು ಹಾಡಿದರೆ ಎರಡನೆಯ ಜೋಡಿ ಅದನ್ನೇ ಮರಳಿ ಹಾಡುತ್ತದೆ. ಆ ಬಿಡುವಿನಲ್ಲಿ ಮೊದಲ ಜೋಡಿ ಮುಂದಿನ ಸಾಲನ್ನು ನೆನಪಿನಿಂದ ಎತ್ತಿಕೊಳ್ಳುತ್ತದೆ. ಎರಡನೆಯ ಜೋಡಿಯಲ್ಲಿ ನಿಂತವನಿಗೆ ಇಡೀ ಪಾಟ್ ಬಾಯಿಪಾಠವಾಗಿರಬೇಕೆಂದಿಲ್ಲ, ಕಿವಿ ಚುರುಕಾಗಿದ್ದರೆ ಸಾಕು. ಹತ್ತು ವರ್ಷ ಹಾಗೆ ಹಿಂದೆ ಹಿಂದೆ ಹಾಡಿದವನು ಒಂದು ದಿನ ಮುಂದಿನ ಜೋಡಿಗೆ ಬರುತ್ತಾನೆ. ಗುರುಕುಲದಲ್ಲಿ ಶಿಷ್ಯನನ್ನು ಕಚೇರಿಯಲ್ಲಿ ಹಿಂದೆ ಕೂರಿಸಿಕೊಂಡು ಹಾಡಿಸುವ ಪದ್ಧತಿಯನ್ನು ಬಲ್ಲ ನನಗೆ ಇದು ಎಂಥ ಒಳ್ಳೆಯ ಶಾಲೆ ಎಂಬುದು ಆಗ ಅರಿವಾಯಿತು.

ಹುತ್ತರಿಯಲ್ಲಿ ಕದಿರು ತೆಗೆದು ಪೊಲಿ ಪೊಲಿ ದೇವ ಎಂದು ಕೂಗುವುದನ್ನು ಟೀವಿಯಲ್ಲಿ ಎಲ್ಲರೂ ನೋಡಿರುತ್ತಾರೆ. ಅದಾದ ಮೇಲೆ ಮನೆ ಮನೆಗೆ ಹೋಗಿ ಹಾಡುವ ಕ್ರಮ ಅಷ್ಟಾಗಿ ಯಾರ ಕ್ಯಾಮೆರಾಕ್ಕೂ ಬೀಳುವುದಿಲ್ಲ. ದುಡಿ ಹಿಡಿದ ಗುಂಪು ಅಂಗಳಕ್ಕೆ ಬಂದು, ಆ ಮನೆಯವರನ್ನು ಬಾಳೊ ಎಂದು ಹರಸಿ, ಆ ಒಕ್ಕದ, ಅಂದರೆ ಮನೆತನದ, ಹೆಸರನ್ನೂ ಮನೆಯ ಹಿರಿಮೆಯನ್ನೂ ಹಾಡಿನೊಳಗೆ ಸೇರಿಸಿ ಹಾಡುತ್ತದೆ. ಹಾಡುವವನಿಗೆ ಊರಿನ ಪ್ರತಿಯೊಂದು ಮನೆಯೂ ಗೊತ್ತಿರಬೇಕು. ಒಂದು ಮನೆಗೆ ಹೊಂದುವ ಮಾತು ಇನ್ನೊಂದಕ್ಕೆ ಹೊಂದದು. ಆದರೆ ಧಾಟಿ ಕೆಡಬಾರದು, ದುಡಿ ನಿಲ್ಲಬಾರದು. ಸಮಾಜ ವಿಜ್ಞಾನ, ಭಾಷೆ, ನೆನಪು, ಲಯ ಇವೆಲ್ಲವನ್ನೂ ಒಟ್ಟಿಗೆ ಬೇಡುವ ಇಂಥ ಇನ್ನೊಂದು ಅಭ್ಯಾಸವನ್ನು ನಾನು ಯಾವ ಪಠ್ಯಕ್ರಮದಲ್ಲೂ ಕಂಡಿಲ್ಲ.

ನಿವೃತ್ತಿಯ ನಂತರ ದುಡಿ ಕಲಿಯಬೇಕೆಂಬ ಆಸೆಯಿಂದ ನಮ್ಮ ಊರಿನ ಹಿರಿಯರೊಬ್ಬರ ಮನೆಗೆ ಹೋದೆ. ಅವರು ಬಾರಿಸಲು ತೊಡಗಿದ ಕೂಡಲೇ ನಾನು ಚೀಲದಿಂದ ಪುಸ್ತಕ ತೆಗೆದೆ. ಅವರು ನಿಲ್ಲಿಸಿ, ‘ದುಡಿಗೆ ಎರಡೂ ಕೈ ಬೇಕಲ್ಲ ಟೀಚರೇ, ನೀವು ಬರೆಯೋದು ಯಾವ ಕೈಲಿ?’ ಎಂದು ಕೇಳಿದರು. ‘ಮನೆಗೆ ಹೋಗಿ ಮರೆತುಬಿಡ್ತೇನೆ ತಾತಾ’ ಎಂದೆ. ‘ಮರೆತರೆ ನಾಳೆ ಪುನಃ ಬನ್ನಿ’ ಎಂದರು. ಹಾಗೆ ಹದಿನಾರು ಸಂಜೆ ಹೋಗಿದ್ದೇನೆ. ಜೂನ್ ತಿಂಗಳ ಮಳೆಯಲ್ಲಿ ಚರ್ಮ ಸಡಿಲವಾಗಿ ದುಡಿ ಮಂಕಾದಾಗ ಅವರು ಅದನ್ನು ಒಲೆಯ ಮುಂದೆ ಹಿಡಿದು, ಬೆರಳಿನಿಂದ ಮೆಲ್ಲಗೆ ತಟ್ಟುತ್ತ, ನಾದ ತೆರೆದುಕೊಳ್ಳುವವರೆಗೆ ತಿರುಗಿಸುತ್ತಿದ್ದರು. ಬಿಸಿಗೆ ಚರ್ಮ ಬಿಗಿಯುತ್ತದೆ, ಬಿಗಿದರೆ ಸ್ವರ ಏರುತ್ತದೆ ಎಂಬುದನ್ನು ಎಂಟನೆಯ ತರಗತಿಯ ಮಕ್ಕಳಿಗೆ ಶಬ್ದದ ಪಾಠದಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇವೆ. ಆ ಒಲೆಯ ಮುಂದೆ ಐದು ನಿಮಿಷ ಕೂತ ಮಗುವಿಗೆ ಅದನ್ನು ಹೇಳಬೇಕಾಗಿಯೇ ಇಲ್ಲ.

ಈಗ ನಾನು ಹೇಳಲೇಬೇಕಾದ, ಹೇಳಲು ನನಗೆ ಕಷ್ಟವಾಗುವ ವಿಷಯಕ್ಕೆ ಬರುತ್ತೇನೆ. ಬಹಳ ವರ್ಷಗಳ ಹಿಂದೆ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಸಂಗೀತದ ಪೀರಿಯಡ್‌ನಲ್ಲಿ ಬಾಯಿ ತೆರೆಯುತ್ತಿರಲಿಲ್ಲ, ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದ. ನಾನು ಅವನ ಪ್ರಗತಿಪತ್ರದಲ್ಲಿ ಆಸಕ್ತಿ ಇಲ್ಲ ಎಂದು ಬರೆದೆ. ಆ ವರ್ಷ ಊರಿನ ದೇವಸ್ಥಾನದ ಹಬ್ಬಕ್ಕೆ ಹೋದಾಗ, ಮೆರವಣಿಗೆಯ ಮುಂದೆ ವಾಲಗದವರ ಸಾಲಿನಲ್ಲಿ ತನ್ನ ಅಜ್ಜನ ಪಕ್ಕ ಅವನು ನಿಂತಿದ್ದ. ಹೆಗಲಿಗೆ ವಾದ್ಯ ಏರಿಸಿಕೊಂಡು, ಅಜ್ಜ ನಡೆ ಬದಲಾಯಿಸಿದಂತೆಲ್ಲ ತಾನೂ ಬದಲಾಯಿಸುತ್ತ, ಒಂದು ಪೆಟ್ಟೂ ತಪ್ಪದೆ ಬಾರಿಸುತ್ತಿದ್ದ. ನನ್ನನ್ನು ಕಂಡ ಕ್ಷಣ ಅವನ ಕೈ ನಿಂತಿತು. ಕೋಲನ್ನು ಬೆನ್ನ ಹಿಂದೆ ಅಡಗಿಸಿದ. ಸೋಮವಾರ ಶಾಲೆಯ ಜಗಲಿಯಲ್ಲಿ ನನಗಾಗಿ ಕಾದು ನಿಂತು, ‘ಟೀಚರ್, ಕ್ಲಾಸಲ್ಲಿ ಹೇಳ್ಬೇಡಿ’ ಎಂದು ಬೇಡಿಕೊಂಡ. ನಾನು ಹೇಳಲಿಲ್ಲ. ಆಗ ಅದು ಅವನ ಮೇಲಿನ ಕರುಣೆ ಎಂದು ಭಾವಿಸಿದ್ದೆ. ಆದರೆ ಆ ಮಗು ತನ್ನ ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳಬೇಕಾದ ಸ್ಥಿತಿ ನನ್ನ ತರಗತಿಯಲ್ಲಿತ್ತು, ನಾನು ಅದನ್ನು ಹಾಗೆಯೇ ಇರಗೊಟ್ಟೆ. ಎಂಟನೆಯ ತರಗತಿಗೆ ಅವನು ಬರಲಿಲ್ಲ.

ಕೊಡಗಿನ ಮದುವೆ, ಹಬ್ಬ, ಸಾವು ಯಾವುದೂ ವಾದ್ಯವಿಲ್ಲದೆ ನಡೆಯುವುದಿಲ್ಲ. ಅವುಗಳಲ್ಲಿ ಬಹುಪಾಲನ್ನು ತಲೆಮಾರುಗಳಿಂದ ನುಡಿಸುತ್ತ ಬಂದವರು ಮೇದ, ಕೆಂಬಟ್ಟಿ ಮೊದಲಾದ ಸಮುದಾಯಗಳವರು. ವಾದ್ಯ ಎಲ್ಲರಿಗೂ ಬೇಕು, ನುಡಿಸುವವರಿಗೆ ಜಗಲಿಯ ಕೆಳಗೆ ಜಾಗ ಎಂಬ ರೂಢಿ ಎಷ್ಟೋ ಕಡೆ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದ್ದರಿಂದ ಶಾಲೆಗೆ ಊರಿನ ಸಂಗೀತ ತರೋಣ ಎನ್ನುವವರು ಮೊದಲು ಯೋಚಿಸಬೇಕಾದದ್ದು ಇದನ್ನು. ಉತ್ಸಾಹದಿಂದ ಶುರುಮಾಡಿ, ಕೊನೆಗೆ ಆ ಮನೆಗಳ ಮಕ್ಕಳ ಕೈಗೇ ಡೋಲು ಕೊಟ್ಟು, ಉಳಿದವರನ್ನು ಮುಂದೆ ನಿಲ್ಲಿಸಿ ಕುಣಿಸಿದರೆ, ಊರಿನ ಹಳೆಯ ಭೇದವನ್ನು ಶಾಲೆಯೇ ಪುನಃ ಅಚ್ಚು ಹಾಕಿದಂತಾಗುತ್ತದೆ. ಒಕ್ಕದ ಮೂಲಮನೆಯಾದ ಐನ್‌ಮನೆಯ ಹುಡುಗನೂ, ಎಸ್ಟೇಟಿನ ಲೈನ್ ಮನೆಯ ಹುಡುಗಿಯೂ, ಅಂಗಡಿಯವರ ಮಗನೂ ಅದೇ ವಾದ್ಯವನ್ನು ಹೆಗಲಿಗೇರಿಸಿ, ಅದೇ ಹಿರಿಯರ ಮುಂದೆ ಕೈಕಟ್ಟಿ ನಿಂತು ಕಲಿಯಬೇಕು. ಅವರನ್ನು ತರಗತಿಯ ಎಲ್ಲ ಮಕ್ಕಳೂ ಸರ್ ಎಂದು ಕರೆಯಬೇಕು, ಸ್ಟಾಫ್ ರೂಮಿನಲ್ಲಿ ಅವರಿಗೂ ಒಂದು ಕುರ್ಚಿ ಇರಬೇಕು. ನನ್ನ ಮಟ್ಟಿಗೆ ಈ ಪತ್ರದ ಮುಖ್ಯ ಬೇಡಿಕೆಯೇ ಇದು.

ಗೌರವದ ಜೊತೆಗೆ ದುಡ್ಡಿನ ಮಾತನ್ನೂ ಆಡಬೇಕು. ಕಲಾವಿದರನ್ನು ಶಾಲೆಗೆ ಕರೆದಾಗ ನಾವು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿಕೊಂಡು ಕಳುಹಿಸುತ್ತೇವೆ. ಹುತ್ತರಿ ಕಳೆದು ಕಾಫಿ ಕೊಯ್ಲು ಬಿರುಸಾಗುವ ದಿನಗಳಲ್ಲಿ, ತೋಟದ ಒಂದು ದಿನದ ಸಂಬಳ ಬಿಟ್ಟು ಬಂದವರಿಗೆ ಶಾಲಿನಿಂದ ಏನು ಪ್ರಯೋಜನ? ಶಾಲೆಗಳಲ್ಲಿ ಹುದ್ದೆ ಖಾಲಿ ಇದ್ದಾಗ ಅತಿಥಿ ಶಿಕ್ಷಕರಿಗೆ ಸರ್ಕಾರ ಗೌರವಧನ ಕೊಡುತ್ತದೆ. ಊರಿನ ವಾದ್ಯಗಾರರಿಗೂ ಪಾಟ್ ಹಾಡುವವರಿಗೂ ಪೀರಿಯಡ್ ಲೆಕ್ಕದಲ್ಲಿ ಅದೇ ರೀತಿ ಗೌರವಧನ ಸಿಗಬೇಕು, ಅದು ಅವರ ಬ್ಯಾಂಕ್ ಖಾತೆಗೆ ನೇರವಾಗಿ ಹೋಗಬೇಕು, ಇದಕ್ಕಾಗಿ ಅವರಿಂದ ಪದವಿ ಪ್ರಮಾಣಪತ್ರ ಕೇಳಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದೆ ಸ್ಥಳೀಯ ಕುಶಲಕರ್ಮಿಗಳು ಮತ್ತು ಕಲಾವಿದರ ಬಳಿ ಕಲಿಯಲಿ ಎಂದು ಅದು ಹೇಳಿದೆ. ನಮ್ಮ ರಾಜ್ಯದ ಶಾಲೆಗಳಲ್ಲೂ ಸಂಭ್ರಮ ಶನಿವಾರ ಎಂಬ ಬ್ಯಾಗ್‌ರಹಿತ ದಿನವಿದೆ. ಹೊಸ ಕಾನೂನು, ಹೊಸ ಹುದ್ದೆ ಯಾವುದೂ ಬೇಡ. ಇರುವ ದಿನಗಳನ್ನು ಚಿತ್ರಕ್ಕೆ ಬಣ್ಣ ಹಚ್ಚಿ ಕಳೆಯುವ ಬದಲು ಹಬ್ಬದ ಆಟ ನಡೆಯುವ ಊರಿನ ಬಯಲಾದ ಮಂದ್‌ಗೆ, ವಾದ್ಯಗಾರರ ಅಂಗಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲು ಬಳಸಿದರೆ ಸಾಕು.

ಕೊಡಗಿನ ಸಂಗೀತ ಎಂದರೆ ಕೊಡವರ ಸಂಗೀತ ಒಂದೇ ಎಂದು ಹೊರಗಿನವರು ತಿಳಿಯುತ್ತಾರೆ. ಒಳಗಿನವರೂ ಕೆಲವೊಮ್ಮೆ ಹಾಗೆ ಮಾತನಾಡುತ್ತಾರೆ. ಅರೆಭಾಷೆ ಗೌಡರ ಮನೆಗಳ ಸೋಬಾನೆ, ಸೋಮವಾರಪೇಟೆ ಕಡೆಯ ಸುಗ್ಗಿ, ಮುಸ್ಲಿಂ ಬಾಂಧವರ ದಫ್ ಇವೆಲ್ಲ ಇದೇ ಮಣ್ಣಿನವು. ಯಾವ ಶಾಲೆ ಯಾವುದನ್ನು ಕಲಿಯಬೇಕು ಎಂಬುದನ್ನು ಮಡಿಕೇರಿಯಲ್ಲಿ ಕೂತು ತೀರ್ಮಾನಿಸದೆ, ಶಾಲೆಯ ಸುತ್ತಲಿನ ನಾಲ್ಕು ಕಿಲೋಮೀಟರಿನಲ್ಲಿ ಯಾರಿದ್ದಾರೆ ಎಂದು ನೋಡಿ ತೀರ್ಮಾನಿಸಬೇಕು. ಆಶ್ರಮ ಶಾಲೆಗಳ ವಿಷಯದಲ್ಲಂತೂ ಇದು ಇನ್ನಷ್ಟು ತುರ್ತಿನದು. ಬುಡಕಟ್ಟಿನವರಾದ ಯರವ ಸಮುದಾಯದ ಮಕ್ಕಳು ಮನೆಯಲ್ಲಿ ಆಡುವ ನುಡಿ ಒಂದು, ಶಾಲೆಯ ಪುಸ್ತಕದ ನುಡಿ ಇನ್ನೊಂದು. ಮೊದಲ ದಿನ ತರಗತಿಗೆ ಬಂದ ಮಗುವಿಗೆ ಅಲ್ಲಿ ತನ್ನದು ಎನ್ನುವಂಥದ್ದು ಏನೂ ಕಾಣುವುದಿಲ್ಲ. ಆ ಮಗುವಿನ ವಸತಿಯಾದ ಹಾಡಿಯಲ್ಲಿ ಚೀನಿ ಎಂಬ ವಾದ್ಯವನ್ನು ಊದುವವರಿದ್ದಾರೆ, ದುಡಿ ಬಾರಿಸುವವರಿದ್ದಾರೆ, ರಾತ್ರಿಯೆಲ್ಲ ಕುಣಿದು ಹಾಡುವವರಿದ್ದಾರೆ. ಚೀನಿಯ ಒಂದು ದನಿ ಶಾಲೆಯ ಅಂಗಳದಲ್ಲಿ ಕೇಳಿದರೆ, ಆ ಮಗು ತಲೆಯೆತ್ತಿ ನೋಡುತ್ತದೆ. ಜೇನುಕುರುಬರ ಮಕ್ಕಳ ವಿಷಯವೂ ಹೀಗೆಯೇ.

ನೆರೆಯ ಕೇರಳದ ಶಾಲಾ ಕಲೋತ್ಸವದಲ್ಲಿ 2025ರ ಜನವರಿಯಲ್ಲಿ ಮಂಗಲಂಕಳಿ, ಪಣಿಯ ನೃತ್ಯ, ಇರುಳ ನೃತ್ಯ, ಪಳಿಯ ನೃತ್ಯ ಮತ್ತು ಮಲಪುಲಯ ಆಟ್ಟಂ ಎಂಬ ಐದು ಬುಡಕಟ್ಟು ಕಲೆಗಳನ್ನು ಸ್ಪರ್ಧೆಗೆ ಸೇರಿಸಿದರು. ಗಡಿಯ ಆಚೆಯ ಈ ಹೆಜ್ಜೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಸ್ಪರ್ಧೆಯ ದಾರಿಯ ಬಗ್ಗೆ ನನಗೆ ಭಯವಿದೆ. ಕೆಲವೇ ನಿಮಿಷಕ್ಕೆ ಕತ್ತರಿಸಿ, ಉಡುಪು ಬಾಡಿಗೆಗೆ ತಂದು, ತರಬೇತುದಾರರಿಗೆ ಸಾವಿರಗಟ್ಟಲೆ ಕೊಟ್ಟು ತಯಾರಿಸಿದ ಕಲೆ ಹಾಡಿಯಿಂದ ದೂರವೇ ಹೋಗುತ್ತದೆ. ಹುತ್ತರಿಯ ಕೋಲಾಟದಲ್ಲಿ ಮಂದ್‌ಗೆ ಇಳಿದವರಿಗೆ ಯಾರೂ ಅಂಕ ಕೊಡುವುದಿಲ್ಲ. ತಾತನ ಎದುರಿಗೆ ಮೊಮ್ಮಗ ಕೋಲು ಹಿಡಿದು ತಪ್ಪು ಹೆಜ್ಜೆ ಇಟ್ಟರೂ ಆಟ ಮುಂದುವರಿಯುತ್ತದೆ. ಪ್ರತಿಭಾ ಕಾರಂಜಿ, ಕಲೋತ್ಸವ ಇರಲಿ, ಆದರೆ ಅಲ್ಲಿ ಧ್ವನಿಮುದ್ರಿತ ಹಾಡಿಗೆ ಅವಕಾಶ ಇಲ್ಲ ಎಂಬ ಒಂದು ನಿಯಮ ಬಂದರೂ ಎಷ್ಟೋ ಮಕ್ಕಳ ತಾಳಗಳಿಗೆ ದನಿ ಮರಳುತ್ತದೆ.

ಎಲ್ಲವನ್ನೂ ಶಾಲೆಗೆ ತರಲೂ ಆಗದು. ಸಾವಿನ ಮನೆಯಲ್ಲಿ ಹಾಡುವ ಪಾಟ್ ಅನ್ನು ಮಕ್ಕಳಿಂದ ವೇದಿಕೆಯಲ್ಲಿ ಹೇಳಿಸುವುದು ಸಲ್ಲದು. ದೈವದ ಆಚರಣೆಗೆ ಸೇರಿದ ವಾದನವನ್ನು ವಾರ್ಷಿಕೋತ್ಸವದಲ್ಲಿ ನುಡಿಸಿ ಎಂದು ಒತ್ತಾಯಿಸಬಾರದು. ಯಾವುದನ್ನು ಕಲಿಸಬಹುದು, ಯಾವುದು ಅದರ ಕಾಲದಲ್ಲಿ ಅದರ ಜಾಗದಲ್ಲೇ ಇರಬೇಕು ಎಂಬುದನ್ನು ಆ ಸಂಗೀತವನ್ನು ಉಳಿಸಿಕೊಂಡು ಬಂದವರೇ ಹೇಳಬೇಕು, ಶಿಕ್ಷಕರು ಕೇಳಿಕೊಳ್ಳಬೇಕು.

ನನ್ನಂತೆ ಶಾಸ್ತ್ರೀಯ ಸಂಗೀತ ಕಲಿತ ಶಿಕ್ಷಕರು ಇದರಿಂದ ತಮ್ಮ ಜಾಗ ಹೋಗುತ್ತದೆ ಎಂದು ಅಂಜಬೇಕಾಗಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುವ ಮಕ್ಕಳು ಕಟ್ಟಲಿ. ಹರದಾಸ ಅಪ್ಪಚ್ಚ ಕವಿ ಹರಿಕಥೆಯ ಸಂಗೀತವನ್ನು ಬಲ್ಲವರಾಗಿದ್ದು, ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಹಾಡುಗಳಿಂದ ತುಂಬಿದ ನಾಟಕಗಳನ್ನು ಬರೆದು ಎರಡೂ ಕಡೆ ಮನೆ ಮಾಡಿಕೊಂಡಿದ್ದರು. ಅವರ ಕಾಲದವರೇ ಆದ ನಡಿಕೇರಿಯಂಡ ಚಿಣ್ಣಪ್ಪ ಅವರು ಹಿರಿಯರ ಬಾಯಲ್ಲಿದ್ದ ಪಾಟ್‌ಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿರುವ ಮಾತುಗಳು ನೂರು ವರ್ಷ ದಾಟಿ ಉಳಿದಿವೆ. ಆದರೆ ದುಡಿಯ ಪೆಟ್ಟು, ಉಸಿರು ತೆಗೆದುಕೊಳ್ಳುವ ಜಾಗ, ಎರಡನೆಯ ಜೋಡಿ ಸಾಲನ್ನು ಎತ್ತಿಕೊಳ್ಳುವ ಕ್ಷಣ ಇವು ಪುಸ್ತಕದಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಅವು ಈಗ ಎಪ್ಪತ್ತು, ಎಂಬತ್ತು ದಾಟಿದವರ ಕೈಯಲ್ಲಿ, ಗಂಟಲಲ್ಲಿ ಇವೆ. ಬಿಡುವಿರುವ ಶಾಸ್ತ್ರೀಯ ಸಂಗೀತ ಶಿಕ್ಷಕರು ಅವರ ಪಕ್ಕ ಕೂತು ಕೇಳಿದರೆ, ಮಕ್ಕಳಿಗೆ ಕಲಿಸುವಾಗ ಅವರಿಗೆ ಆಸರೆಯಾಗಬಹುದು. ತರಗತಿಯ ಶಿಸ್ತು, ಹಾಜರಿ, ಸಮಯಪಾಲನೆ ನಮ್ಮ ಕೆಲಸವಾಗಲಿ, ಸಂಗೀತ ಅವರದ್ದಾಗಲಿ. ಮಡಿಕೇರಿಯಲ್ಲಿರುವ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳು, ಆಕಾಶವಾಣಿಯ ಮಡಿಕೇರಿ ಕೇಂದ್ರ ಈ ಕೆಲಸದಲ್ಲಿ ಶಿಕ್ಷಣ ಇಲಾಖೆಯ ಜೊತೆಗೂಡಿದರೆ, ಯಾವ ಊರಿನಲ್ಲಿ ಯಾರು ಏನನ್ನು ಬಲ್ಲರು ಎಂಬ ಪಟ್ಟಿ ಒಂದೇ ಮಳೆಗಾಲದಲ್ಲಿ ಸಿದ್ಧವಾಗುತ್ತದೆ.

ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಹುತ್ತರಿಯ ದಿನ ಗೊತ್ತಾದ ಮೇಲೆ ಹಬ್ಬಕ್ಕೆ ಸ್ವಲ್ಪ ಕಾಲಾವಕಾಶವಿರುತ್ತದೆ. ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು ಆ ಅವಧಿಯಲ್ಲಿ ಐದೂ ತಾಲ್ಲೂಕುಗಳ ಶಾಲೆಗಳಿಗೆ ಒಂದು ಪುಟದ ಸುತ್ತೋಲೆ ಕಳುಹಿಸಲಿ ಎಂದು ಈ ಪತ್ರದ ಮೂಲಕ ಕೋರುತ್ತೇನೆ. ರಜೆಯಲ್ಲಿ ಪ್ರತಿ ಮಗು ತನ್ನ ಊರಿನಲ್ಲಿ ಹಾಡಿದ ಅಥವಾ ನುಡಿಸಿದ ಒಬ್ಬರ ಬಳಿ ಕೂತು, ಅವರು ಯಾರಿಂದ ಕಲಿತರು ಎಂದು ಕೇಳಿಕೊಂಡು ಬರಲಿ. ಶಾಲೆ ತೆರೆದ ವಾರದಲ್ಲಿ ಅವರಲ್ಲಿ ಒಬ್ಬರನ್ನಾದರೂ ಗೌರವಧನ ಕೊಟ್ಟು ತರಗತಿಗೆ ಕರೆಯಲಿ. ತಂದೆಯೋ ಅಜ್ಜನೋ ವಾಲಗದವರಾಗಿರುವ ಮಗು ತರಗತಿಯಲ್ಲಿದ್ದರೆ, ಆ ದಿನದ ಮಾತನ್ನು ಆ ಮಗುವಿನ ಮನೆಯಿಂದಲೇ ಆರಂಭಿಸಬೇಕೆಂದು ಶಿಕ್ಷಕರಲ್ಲಿ ನನ್ನ ವಿನಂತಿ.

ಇಂತಿ,
ನಿವೃತ್ತ ಸಂಗೀತ ಶಿಕ್ಷಕಿ,
ವಿರಾಜಪೇಟೆ ತಾಲ್ಲೂಕು, ಕೊಡಗು